ಚಳ್ಳಕೆರೆಯ ಹಿಂಡಿ, ಕರಾವಳಿಯ ಮೀನಿನ ಪುಡಿ

ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಸಾಲನ್ನು ದಾಟಿ ಬಂದರೆ ಶೇಂಗಾ ಹಿಂಡಿಯ ವಾಸನೆ ಬಟ್ಟೆಗೇ ಅಂಟಿಕೊಳ್ಳುತ್ತದೆ. ಅಂಥ ಊರಿನ ಮಗ್ಗುಲಲ್ಲೇ ಕೃಷಿ ಹೊಂಡದಲ್ಲಿ ಮೀನು ಸಾಕುತ್ತ, ಅವುಗಳ ಮೇವಿಗೆಂದು ಕರಾವಳಿಯಲ್ಲಿ ಬೂತಾಯಿ ಮೀನನ್ನು ಬೇಯಿಸಿ, ಒತ್ತಿ, ಒಣಗಿಸಿ ಅರೆದ ಮೀನಿನ ಪುಡಿಗೆ ದುಡ್ಡು ಸುರಿಯುವುದು ನನಗೆ ಸರಿಕಾಣಲಿಲ್ಲ. ಹೀಗಾಗಿ ಮೊದಲ ವರ್ಷ ಕಾಟ್ಲಾ, ರೋಹು ಮರಿಗಳಿಗೆ ಅಕ್ಕಿ ತೌಡು ಮತ್ತು ಶೇಂಗಾ ಹಿಂಡಿಯನ್ನು ಸಮಪಾಲು ಕಲಸಿ ಹಾಕಿದೆ. ಊರ ಕೆರೆಯಲ್ಲಿ ಇದೇ ಮೇವಿಗೆ ಮೀನು ಚೆನ್ನಾಗಿ ಬೆಳೆದದ್ದನ್ನು ಕಂಡಿದ್ದೆ. ನನ್ನ ಹೊಂಡದಲ್ಲಿ ಮಾತ್ರ ಅವು ಬಡಕಲಾಗಿಯೇ ಉಳಿದವು.

ವ್ಯತ್ಯಾಸವಿದ್ದದ್ದು ಹೊಂಡದ ತಳದಲ್ಲಿ. ಕೆರೆಯ ಕೆಸರು ಮತ್ತು ಸಗಣಿ ಗೊಬ್ಬರದಿಂದ ಹುಟ್ಟುವ ಸೂಕ್ಷ್ಮಜೀವಿಗಳೇ ಮೀನಿಗೆ ಅರ್ಧ ಊಟವಾಗಿ, ಹಿಂಡಿಯ ಕೊರತೆಯನ್ನು ತುಂಬಿಬಿಡುತ್ತವೆ; ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಆ ಊಟ ಕಡಿಮೆ. ಶೇಂಗಾ ಹಿಂಡಿಯಲ್ಲಿ ಶೇ. 40ರಿಂದ 45ರಷ್ಟು ಪ್ರೋಟೀನ್ ಇದ್ದರೂ ಪ್ರೋಟೀನನ್ನು ಕಟ್ಟುವ ಅಮೈನೊ ಆಮ್ಲಗಳ ಪೈಕಿ ಲೈಸಿನ್ ಮತ್ತು ಮೆಥಿಯೊನಿನ್ ಎಂಬ ಎರಡು ಸಾಲವು. ಸೋಯಾ ಹಿಂಡಿಯಲ್ಲಿ ಲೈಸಿನ್ ಸಾಕಷ್ಟಿದೆ, ಮೆಥಿಯೊನಿನ್ ಕಡಿಮೆ; ಎಳ್ಳು ಹಿಂಡಿಯಲ್ಲಿ ಇದು ತಿರುಗುಮುರುಗು. ಆದ್ದರಿಂದ ಮೂರನ್ನೂ ಬೆರೆಸುವುದು ಒಂದನ್ನೇ ನೆಚ್ಚಿಕೊಳ್ಳುವುದಕ್ಕಿಂತ ಲೇಸು. ಸೋಯಾವನ್ನು ಹಸಿಯಾಗಿ ಹಾಕಬಾರದು, ಅದರಲ್ಲಿರುವ ಜೀರ್ಣಕ್ಕೆ ಅಡ್ಡಿಯಾಗುವ ಅಂಶ ಅಳಿಯಲು ಬಿಸಿ ತಾಗಲೇಬೇಕು.

ರಂಜಕದ (ಫಾಸ್ಫರಸ್) ಸಂಗತಿ ಇನ್ನೂ ಸ್ವಾರಸ್ಯದ್ದು. ಕಾಳುಗಳಲ್ಲಿರುವ ರಂಜಕದ ಸುಮಾರು ಮೂರನೇ ಎರಡು ಪಾಲು ಫೈಟೇಟ್ ರೂಪದಲ್ಲಿ ಕಟ್ಟಿಕೊಂಡಿರುತ್ತದೆ, ಅದನ್ನು ಬಿಡಿಸುವ ಕಿಣ್ವ ಮೀನಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಾಗೆಂದು ಮೀನಿನ ಪುಡಿಯೇ ಗತಿಯೆನ್ನುವಂತೆಯೂ ಇಲ್ಲ: ಕಾಟ್ಲಾ, ರೋಹು ಸೇರುವ ಗೆಂಡೆ ಜಾತಿಗೆ ಜಠರವೇ ಇರದ ಕಾರಣ ಹುಳಿರಸ ಊರುವುದಿಲ್ಲ, ಪುಡಿಯಲ್ಲಿರುವ ಮೂಳೆಯ ರಂಜಕ ಹೆಚ್ಚಿನಂಶ ಕರಗದೆ ಹೊರಬೀಳುತ್ತದೆ. ದುಡ್ಡು ಕೊಟ್ಟು ತಂದ ರಂಜಕ ಹೀಗೆ ನೀರು ಸೇರಿ ಪಾಚಿಗೆ ಗೊಬ್ಬರವಾದರೆ, ಬೆಳಗಿನ ಜಾವ ಆಮ್ಲಜನಕ ಇಳಿದು ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ನೀರಿನಲ್ಲಿ ಸುಲಭವಾಗಿ ಕರಗುವ ಮೊನೊ ಕ್ಯಾಲ್ಸಿಯಂ ಫಾಸ್ಫೇಟ್ ಎಂಬ ರಂಜಕದ ಲವಣವನ್ನು ಸ್ವಲ್ಪವೇ ಬೆರೆಸುವುದು ನಮ್ಮ ಮೀನಿಗೆ ಹೆಚ್ಚು ಒಗ್ಗುತ್ತದೆ. ಈ ಲೆಕ್ಕವೆಲ್ಲ ಗೆಂಡೆ ಜಾತಿಗೆ. ಮಾಂಸಾಹಾರಿ ಮೀನು ಸಾಕುವವರಿಗೆ ಮೀನಿನ ಪುಡಿಯನ್ನು ಪೂರ್ತಿ ಬಿಡುವುದು ಸುಲಭವಲ್ಲ.

ಎರಡನೇ ವರ್ಷ ನಾನೇ ಎಡವಿದೆ. ಮಳೆಗಾಲದಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ವ್ಯಾಪಾರಿಯೊಬ್ಬರಿಂದ ಹಿಂಡಿ ತಂದೆ. ಚೀಲದ ನಡುವೆ ಕೈ ಹಾಕಿದರೆ ಬೆಚ್ಚಗಿತ್ತು, ಒಡೆದ ಹೆಂಟೆಯೊಳಗೆ ಹಸಿರು ಬೂಷ್ಟು. ಶೇಂಗಾದ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿದ್ದು ಯಕೃತ್ತಿಗೆ ಹಾನಿ ಮಾಡಬಹುದು, ಕುದಿಸಿದರೂ ಅದು ಪೂರಾ ಹೋಗದು ಎಂದು ಗೊತ್ತಿದ್ದರಿಂದ ಅಷ್ಟನ್ನೂ ಗುಂಡಿಗೆ ಸುರಿದೆ. ದನಕ್ಕಾದರೂ ಹಾಕಬಹುದಿತ್ತಲ್ಲ ಎಂದು ಮನೆಯಲ್ಲಿ ಗೊಣಗಿದರು. ಅದೂ ತಪ್ಪೇ, ಆ ವಿಷ ಹಾಲಿಗೂ ಇಳಿಯುತ್ತದೆ.

ಈಗ ಹೆಂಟೆ ಒಡೆದು ನೋಡದೆ ಹಿಂಡಿ ಕೊಳ್ಳುವುದಿಲ್ಲ. ರಾತ್ರಿ ನೆನೆಹಾಕಿ, ಬೆಳಿಗ್ಗೆ ತೌಡಿನೊಂದಿಗೆ ಮುದ್ದೆ ಕಟ್ಟಿ, ತೂತು ಮಾಡಿದ ಚೀಲದಲ್ಲಿ ತುಂಬಿ ಬಿದಿರಿನ ಗಳಕ್ಕೆ ನೇತುಹಾಕುತ್ತೇನೆ. ಮಧ್ಯಾಹ್ನ ಎತ್ತಿದಾಗ ಚೀಲ ಹಗುರವಾಗಿದ್ದರೆ ಮರುದಿನಕ್ಕೂ ಅಷ್ಟೇ ಅಳತೆ; ತಳದಲ್ಲಿ ಹುಳಿತ ಮುದ್ದೆ ಉಳಿದಿದ್ದರೆ ಒಂದು ಬೊಗಸೆ ಕಡಿಮೆ.