ಮೊದಲನೇ ವೋವನ್ ರ‍್ಯಾಪ್ ತಗೊಳ್ಳೋರಿಗೆ

ವೋವನ್ ರ‍್ಯಾಪ್ ಅಂದ್ರೆ ಮಗುನ ಮೈಗೆ ಕಟ್ಕೊಂಡು ಓಡಾಡೋಕೆ ಬಳಸೋ ನೇಯ್ದ ಉದ್ದನೆ ಬಟ್ಟೆ. ಮೊದಲನೇ ರ‍್ಯಾಪ್ ಯಾವ್ದು ಅಂದ್ರೆ ನಾನು ಹೇಳೋದು ಪೂರ್ತಿ ಕಾಟನ್, ಮಧ್ಯಮ ದಪ್ಪ, ಸೈಜ್ 6. ಅಂದ್ರೆ ಹತ್ತಿರಹತ್ತಿರ 4.6 ಮೀಟರ್ ಉದ್ದ, ಹೆಚ್ಚಿನವರಿಗೆ ಮುಂದ್ಗಡೆ ಅಡ್ಡಡ್ಡ ಸುತ್ತಿ ಗಂಟು ಹಾಕೋಕೆ ಸಾಕಾಗತ್ತೆ, ಮೈಕಟ್ಟು ದೊಡ್ಡದಿದ್ರೆ 7 ನೋಡಿ. ಉಣ್ಣೆ, ರೇಷ್ಮೆ ಮಿಕ್ಸ್ ಇರೋದು ತುಂಬಾ ಚೆನ್ನಾಗಿರತ್ತೆ ನಿಜ, ಆದ್ರೆ ಹಾಲು ಕಕ್ಕೋ ಕೂಸು ಇರೋವಾಗ ಒಗೆಯೋದು ರಗಳೆ.

ಬಟ್ಟೆನ ಕೈಲಿ ಎಳೆದು ನೋಡಿ. ಉದ್ದಕ್ಕೂ ಅಗಲಕ್ಕೂ ಎಳೆದ್ರೆ ಅಷ್ಟಾಗಿ ಹಿಗ್ಗಬಾರ್ದು, ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದ್ರೆ ಮಾತ್ರ ಹಿಗ್ಗಬೇಕು, ಬಟ್ಟೆ ಮಗು ಬೆನ್ನಿಗೆ ಸರಿಯಾಗಿ ಕೂರೋದು ಅದ್ರಿಂದಾನೇ, ಮಗು ತೂಕ ಜಾಸ್ತಿ ಆದ್ರೂ ಜೋತು ಬೀಳದೇ ಇರೋದೂ ಅದಕ್ಕೇ. ಎರಡು ಅಂಚಿಗೂ ಬೇರೆಬೇರೆ ಬಣ್ಣ ಇರೋದು ಸಿಕ್ರೆ ಅದನ್ನೇ ತಗೊಳ್ಳಿ, ಯಾವ ಕಡೆ ಸಡಿಲ ಆಗಿದೆ ಅಂತ ತಕ್ಷಣ ಗೊತ್ತಾಗತ್ತೆ, ಹೊಸಬರಿಗೆ ಇದು ದೊಡ್ಡ ಸಹಾಯ.

ಯಾರಾದ್ರೂ ಬಳಸಿರೋದು ಸಿಕ್ರೆ ಇನ್ನೂ ಒಳ್ಳೇದು, ಆಗ್ಲೇ ಮೆತ್ತಗಾಗಿರತ್ತೆ. ಬೆಳಕಿಗೆ ಹಿಡಿದು ತೂತು, ಸವೆದಿರೋ ಜಾಗ ಇದ್ಯಾ ನೋಡ್ಕೊಳ್ಳಿ.

ಕಟ್ಟಿದ್ಮೇಲೆ ಮಗು ಮುಖ ಕಾಣ್ತಿರಬೇಕು, ಗದ್ದ ಎದೆಗೆ ಒತ್ತಿರಬಾರ್ದು, ಮಂಡಿ ಕುಂಡೆಗಿಂತ ಮೇಲಿರಬೇಕು. ಇದನ್ನ ಪ್ರತೀ ಸಲ ನೋಡಿ.