ಅಪ್ಡೇಟ್ ಆಫ್ ಮಾಡ್ಕೊಡಿ ಅನ್ನುವವರಿಗೆ

ತಿಪಟೂರಿನಲ್ಲಿ ಹದಿನೇಳು ವರ್ಷದಿಂದ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುತ್ತಿದ್ದೇನೆ. ಗಿರಾಕಿಗಳಲ್ಲಿ ಅರ್ಧಕ್ಕರ್ಧ ಕೊಬ್ಬರಿ ಮಂಡಿಯವರು. ಉಳಿದವರು ಜೆರಾಕ್ಸ್ ಅಂಗಡಿಯವರು, ಟ್ಯೂಷನ್ ನಡೆಸುವವರು, ಕಾಲೇಜು ಹುಡುಗರು. 2018ರ ಜನವರಿಯಲ್ಲಿ ಒಂದು ಮಂಡಿಯ ಗುಮಾಸ್ತರು ಫೋನ್ ಹಿಡಿದುಕೊಂಡೇ ಒಳಗೆ ಬಂದರು. ಅವರಿಗೆ ನನ್ನ ತಂದೆಯ ವಯಸ್ಸು.

"ಸಾರ್, ಎಲ್ಲಾ ಕಂಪ್ಯೂಟ್ರೂ ಮೂವತ್ತು ಪರ್ಸೆಂಟ್ ಸ್ಲೋ ಆಗ್ತವಂತೆ. ಅದ್ಯಾವ್ದೋ ಅಪ್ಡೇಟ್ ಬರ್ತದಂತಲ್ಲ, ಅದು ಬರ್ದಂಗೆ ಮಾಡ್ಕೊಡಿ."

ಜನವರಿ 3ರಂದು ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ, ಕಂಪ್ಯೂಟರಿನ ಮಿದುಳಾದ ಪ್ರೊಸೆಸರಿನ ಎರಡು ದೋಷಗಳ ಸುದ್ದಿ ಹೊರಬಿದ್ದಿತ್ತು. ಗೂಗಲ್‌ನ ಪ್ರಾಜೆಕ್ಟ್ ಝೀರೋ ಎಂಬ ದೋಷ ಹುಡುಕುವ ತಂಡದ ಯಾನ್ ಹಾರ್ನ್ ಇವನ್ನು ಕಂಡುಹಿಡಿದಿದ್ದ. ಆಸ್ಟ್ರಿಯಾದ ಗ್ರಾಜ್ ತಾಂತ್ರಿಕ ವಿಶ್ವವಿದ್ಯಾಲಯದವರೂ ಇನ್ನು ಕೆಲವರೂ ತಮ್ಮ ತಮ್ಮ ದಾರಿಯಲ್ಲಿ ಅಲ್ಲಿಗೇ ಬಂದು ಮುಟ್ಟಿದ್ದರು. ಗ್ರಾಜ್‌ನ ಡೇನಿಯಲ್ ಗ್ರೂಸ್ ತಾನು ಬರೆದ ಪ್ರೋಗ್ರಾಂ ತನ್ನದೇ ಬ್ರೌಸರಿನ ಗುಟ್ಟನ್ನು ಪರದೆಯ ಮೇಲೆ ಸುರಿಯುವುದನ್ನು ಕಂಡು ಗಾಬರಿಯಾಗಿದ್ದ. ಸರಿಪಡಿಸಿದರೆ ವೇಗ ಶೇ 5ರಿಂದ 30ರಷ್ಟು ಕುಗ್ಗಬಹುದು ಎಂದು ಮೊದಲ ವರದಿಗಳು ಹೇಳಿದ್ದವು. ವಾಟ್ಸಾಪಿಗೆ ಬರುವ ಹೊತ್ತಿಗೆ ಮೂವತ್ತು ಮಾತ್ರ ಉಳಿದಿತ್ತು.

ಏನಾಗಿದೆ ಎಂದು ಗುಮಾಸ್ತರಿಗೆ ಅವರ ಮಂಡಿಯನ್ನೇ ಇಟ್ಟುಕೊಂಡು ಹೇಳಿದೆ. ಸಾಹುಕಾರರ ಗುಟ್ಟಿನ ಲೆಡ್ಜರು ಒಳಕೋಣೆಯಲ್ಲಿದೆ. ಹೊರಗಿನವನೊಬ್ಬ ಬಂದು "ಆ ಲೆಡ್ಜರಿನ ಮೊದಲ ಅಂಕಿ ನೋಡು, ಅದೇ ನಂಬರಿನ ಸಾದಾ ಲೆಡ್ಜರು ತಂದುಕೊಡು" ಎಂದು ಕೆಲಸದ ಹುಡುಗನಿಗೆ ಹೇಳುತ್ತಾನೆ. ಸಾಹುಕಾರರ ಅಪ್ಪಣೆ ಬೇಕು, ಅವರು ಫೋನಿನಲ್ಲಿದ್ದಾರೆ. ಹುಡುಗ ಚುರುಕು, ಸುಮ್ಮನೆ ನಿಲ್ಲುವವನಲ್ಲ. ಅಪ್ಪಣೆ ಸಿಕ್ಕೇ ಸಿಗುತ್ತದೆಂದು ಅಷ್ಟರಲ್ಲೇ ಗುಟ್ಟಿನ ಲೆಡ್ಜರು ತೆರೆದು, 7 ಇರುವುದನ್ನು ನೋಡಿ, ಗೋಡೌನಿನಿಂದ 7ನೇ ಸಾದಾ ಲೆಡ್ಜರು ತಂದು ಮೇಜಿನ ಮೇಲಿಡುತ್ತಾನೆ. ಸಾಹುಕಾರರು "ಕೂಡದು" ಅನ್ನುತ್ತಾರೆ. ಹುಡುಗ ಗುಟ್ಟಿನದನ್ನು ಒಳಗಿಟ್ಟು ಬೀಗ ಹಾಕುತ್ತಾನೆ, ಬಂದವನಿಗೆ ಒಂದು ಮಾತೂ ಹೇಳುವುದಿಲ್ಲ. ಆದರೆ 7ನೇದು ಮೇಜಿನ ಮೇಲೇ ಉಳಿಯಿತು. ಬಂದವನು ಈಗ 0ಯಿಂದ 9ರವರೆಗಿನ ಸಾದಾ ಲೆಡ್ಜರುಗಳನ್ನು ಒಂದೊಂದಾಗಿ ಕೇಳುತ್ತಾನೆ. ಅವನ್ನು ನೋಡುವ ಹಕ್ಕು ಅವನಿಗಿದೆ. ಉಳಿದ ಒಂಬತ್ತಕ್ಕೂ ಹುಡುಗ ಗೋಡೌನಿಗೆ ಹೋಗಿ ಬರಬೇಕು, 7 ಮಾತ್ರ ತಟ್ಟನೆ ಕೈಗೆ ಬರುತ್ತದೆ.

"ಅಯ್ಯೋ ಶಿವನೇ, ಗೊತ್ತಾಗೋಯ್ತಲ್ಲ!" ಅಂದರು ಗುಮಾಸ್ತರು.

ಮೆಲ್ಟ್‌ಡೌನ್ ಅಂದರೆ ಅದೇ. ಹುಡುಗನೇ ಪ್ರೊಸೆಸರು, ಮೇಜು ಅದರೊಳಗಿನ ಚಿಕ್ಕ, ಚುರುಕಾದ ಕ್ಯಾಶ್ ಮೆಮೊರಿ, ಗೋಡೌನು ರ‍್ಯಾಮ್. ಅಪ್ಪಣೆಗೆ ಕಾಯದೆ ಕೆಲಸ ಮುಂದುವರಿಸುವ ಈ ಚುರುಕಿನಿಂದಲೇ ನಮ್ಮ ಕಂಪ್ಯೂಟರುಗಳು ಇಷ್ಟು ವೇಗ ಪಡೆದದ್ದು. 1995ರಿಂದ ಈಚೆಗಿನ ಇಂಟೆಲ್ ಪ್ರೊಸೆಸರುಗಳಲ್ಲಿ ಬಹುಪಾಲು ಇದಕ್ಕೆ ಸಿಕ್ಕಿಬಿದ್ದವು. ಸ್ಪೆಕ್ಟರ್ ಇನ್ನೊಂದು ಬಗೆ, ಹುಡುಗನಿಗೆ ತಪ್ಪು ರೂಢಿ ಹಿಡಿಸಿ ಮೋಸಮಾಡುವಂಥದ್ದು. ಅದು ಎಎಂಡಿ ಮತ್ತು ಮೊಬೈಲುಗಳ ಆರ್ಮ್ ಚಿಪ್ಪುಗಳನ್ನೂ ಬಿಡಲಿಲ್ಲ.

ಮೆಲ್ಟ್‌ಡೌನಿಗೆ ಪರಿಹಾರವೆಂದರೆ ಗುಟ್ಟಿನ ಕೋಣೆಯನ್ನೇ ಪಕ್ಕದ ಬೀದಿಗೆ ಸಾಗಿಸಿದ ಹಾಗೆ. ಆಪರೇಟಿಂಗ್ ಸಿಸ್ಟಂನ ಮೆಮೊರಿ ಇನ್ನು ಸಾಮಾನ್ಯ ಪ್ರೋಗ್ರಾಂಗಳ ಕಣ್ಣಿಗೇ ಬೀಳುವುದಿಲ್ಲ. ಡಿಸ್ಕು, ನೆಟ್‌ವರ್ಕಿನ ಕೆಲಸ ಬಂದಾಗಲೆಲ್ಲ ಆ ಬೀದಿಗೆ ನಡೆದು ಬರಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ದೊಡ್ಡ ಸರ್ವರ್ ನಡೆಸುವವರಿಗೆ ಇದು ನಿಜವಾದ ಹೊರೆ. ಬಿಲ್ ಟೈಪ್ ಮಾಡುವವರಿಗೆ ತಿಳಿಯುವುದೂ ಇಲ್ಲ.

ಇಷ್ಟೆಲ್ಲ ವಿವರಿಸಿಯೂ ಕೊನೆಗೆ ನಾನು ಅಪ್ಡೇಟ್ ಆಫ್ ಮಾಡಿಕೊಟ್ಟೆ. ಗಿರಾಕಿ ಕೇಳಿದ್ದನ್ನು ಮಾಡಿಕೊಡುವುದೇ ಕಸುಬು ಅಂದುಕೊಂಡಿದ್ದ ಕಾಲ ಅದು. ಆ ತಿಂಗಳು ಹದಿನಾಲ್ಕು ಕಂಪ್ಯೂಟರಿಗೆ ಹೀಗೆ ಮಾಡಿದ್ದು ನನ್ನ ನೋಟ್‌ಬುಕ್ಕಿನಲ್ಲಿದೆ.

2019ರ ಬೇಸಿಗೆಯಲ್ಲಿ ಆ ಹದಿನಾಲ್ಕರಲ್ಲೊಂದು, ಇನ್ನೊಂದು ಮಂಡಿಯದು, ಹೋಯಿತು. ಪ್ರೊಸೆಸರಿನ ದೋಷದಿಂದಲ್ಲ. ಫೈಲುಗಳಿಗೆಲ್ಲ ಬೀಗ ಜಡಿದು ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ನುಗ್ಗಿತ್ತು. ಅದು ಬಂದ ಕಿಂಡಿಯನ್ನು ಮುಚ್ಚುವ ಅಪ್ಡೇಟ್ ಎಷ್ಟೋ ತಿಂಗಳ ಹಿಂದೆಯೇ ಬಿಡುಗಡೆಯಾಗಿತ್ತು. ಕಂಪ್ಯೂಟರಿಗೆ ಅದು ತಲುಪಲಿಲ್ಲ, ಯಾಕೆಂದರೆ ನಾನೇ ತಡೆದಿದ್ದೆ. ಇಡೀ ವರ್ಷದ ರೈತರ ಪಟ್ಟಿ, ಬಾಕಿ ಲೆಕ್ಕ ಎಲ್ಲ ಹೋಯಿತು. ಆ ಮಂಡಿಯವರು ಪಾವತಿ ಪುಸ್ತಕಗಳ ಕಾರ್ಬನ್ ಪ್ರತಿ ಹುಡುಕಿ ಎರಡು ತಿಂಗಳು ಕೂತು ಬರೆದರು. ನಾನೂ ಸಂಜೆ ಹೋಗಿ ಟೈಪ್ ಮಾಡುತ್ತಿದ್ದೆ. ಆ ಎರಡು ತಿಂಗಳಲ್ಲಿ ಅವರು ನನ್ನನ್ನು ಒಮ್ಮೆಯೂ ಬೈಯಲಿಲ್ಲ.

ಉಳಿದ ಹದಿಮೂರನ್ನೂ ಹುಡುಕಿಕೊಂಡು ಹೋದೆ. ಗುಮಾಸ್ತರ ಕಂಪ್ಯೂಟರಿನಲ್ಲಿ ಈ ಸಲ ಮೊಬೈಲ್ ಹಿಡಿದು ಅಳೆದೆ. ಲೆಕ್ಕದ ಪ್ಯಾಕೇಜು ತೆರೆಯಲು ಅಪ್ಡೇಟಿಗೆ ಮೊದಲು 41 ಸೆಕೆಂಡ್, ಆಮೇಲೆ 43. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದೆ, 9 ಸೆಕೆಂಡಿಗೆ ಇಳಿಯಿತು. ಅವರು ಒಂದೂವರೆ ವರ್ಷ ಹೆದರಿದ್ದು ಆ ಎರಡು ಸೆಕೆಂಡಿಗೆ.

ಹಾಗಂತ ಜನರ ಅನುಮಾನವನ್ನು ನಾನು ತಳ್ಳಿಹಾಕುವುದಿಲ್ಲ. 2018ರ ಆ ಜನವರಿಯಲ್ಲೇ ಹೊಸ ಮೈಕ್ರೋಕೋಡ್ (ಪ್ರೊಸೆಸರಿನೊಳಗಿನ ಪ್ರೋಗ್ರಾಂ) ಹಾಕಿದ ಕೆಲವು ಯಂತ್ರಗಳು ತಾವಾಗಿ ರೀಸ್ಟಾರ್ಟ್ ಆಗತೊಡಗಿದವು, 22ರಂದು ಇಂಟೆಲ್ ಸ್ವತಃ ಅದನ್ನು ಸದ್ಯಕ್ಕೆ ಹಾಕಬೇಡಿ ಎಂದಿತು. ಜರ್ಮನಿಯಲ್ಲಿ ಸರ್ಕಾರಿ ಭದ್ರತಾ ಸಂಸ್ಥೆಯ ಹೆಸರಿನಲ್ಲಿ ನಕಲಿ ವೆಬ್‌ಸೈಟ್ ಮಾಡಿ, ಮೆಲ್ಟ್‌ಡೌನ್ ಪ್ಯಾಚ್ (ದೋಷ ಸರಿಪಡಿಸುವ ಅಪ್ಡೇಟ್) ಎಂದು ವೈರಸ್ ಹಂಚಿದರು. ಇಷ್ಟಾದ ಮೇಲೆ ಸಾಮಾನ್ಯ ಮನುಷ್ಯ ಯಾರನ್ನು ನಂಬಬೇಕು? ನನ್ನ ಉತ್ತರ ಒಂದೇ: ಲಿಂಕ್ ಒತ್ತಿ ಯಾವ ಪ್ಯಾಚನ್ನೂ ಇಳಿಸಿಕೊಳ್ಳಬೇಡಿ, ಸೆಟ್ಟಿಂಗ್ಸ್ ಒಳಗಿನ ಅಪ್ಡೇಟನ್ನು ನಿಲ್ಲಿಸಬೇಡಿ. ಬ್ರೌಸರನ್ನಂತೂ ಹಳೆಯದಾಗಲು ಬಿಡಬೇಡಿ. ಸ್ಪೆಕ್ಟರ್ ದಾಳಿಯನ್ನು ವೆಬ್ ಪುಟದೊಳಗಿನ ಪ್ರೋಗ್ರಾಂ ಆದ ಜಾವಾಸ್ಕ್ರಿಪ್ಟಿನಿಂದಲೂ ನಡೆಸಬಹುದೆಂದು ತಿಳಿದಾಗ ಕ್ರೋಮ್ ಒಂದೊಂದು ಸೈಟನ್ನೂ ಬೇರೆ ಬೇರೆ ಕೋಣೆಯಂಥ ಪ್ರೊಸೆಸ್‌ನಲ್ಲಿ ಇರಿಸತೊಡಗಿತು. ಫೈರ್‌ಫಾಕ್ಸ್ ತನ್ನೊಳಗಿನ ಗಡಿಯಾರದ ನಿಖರತೆಯನ್ನೇ ತಗ್ಗಿಸಿತು. ಮೇಜಿನ ಮೇಲಿನ 7ನೇ ಲೆಡ್ಜರು ಎಷ್ಟು ಬೇಗ ಬಂತೆಂದು ಅಳೆಯಲು ಗಡಿಯಾರ ಬೇಕಲ್ಲ!

ಇಂಥ ದೋಷಗಳು ಅಲ್ಲಿಗೇ ನಿಲ್ಲಲಿಲ್ಲ. 2019ರ ಮೇನಲ್ಲಿ ಝಾಂಬಿಲೋಡ್, 2022ರಲ್ಲಿ ರೆಟ್‌ಬ್ಲೀಡ್, 2023ರ ಆಗಸ್ಟಿನಲ್ಲಿ ಡೌನ್‌ಫಾಲ್. ಪ್ರತಿ ಸಲವೂ ಅಂಗಡಿಗೆ ಅದೇ ಪ್ರಶ್ನೆ ಬರುತ್ತದೆ.

ಹೋದ ವಾರ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಲ್ಯಾಪ್‌ಟಾಪ್ ತಂದಿದ್ದ. ಲಿನಕ್ಸ್ ಹಾಕಿಕೊಂಡಿದ್ದಾನೆ. ಕಂಪ್ಯೂಟರ್ ಶುರುವಾಗುವಾಗ ಓದುವ ಬೂಟ್ ಸಾಲಿನಲ್ಲಿ 'ಮಿಟಿಗೇಷನ್ಸ್ ಆಫ್' ಅಂತ ಸೇರಿಸಿ ಈ ದೋಷಗಳ ರಕ್ಷಣೆಯನ್ನೆಲ್ಲ ತೆಗೆದರೆ ಗೇಮ್ ಜೋರಾಗಿ ಓಡುತ್ತದಂತೆ, ಮಾಡಿಕೊಡಿ ಅಣ್ಣ ಅಂದ.

"ಈ ಲ್ಯಾಪ್‌ಟಾಪಲ್ಲಿ ಬ್ಯಾಂಕ್ ಕೆಲಸ ಯಾರು ಮಾಡ್ತಾರಪ್ಪ?"

"ಅಮ್ಮ. ಸ್ವಸಹಾಯ ಸಂಘದ ಲೆಕ್ಕ ಅವರದ್ದೇ."

"ಹಾಗಾದ್ರೆ ಅಮ್ಮನ್ನ ಒಂದ್ಸಲ ಕರ್ಕೊಂಡು ಬಾ," ಅಂದೆ. ಭಾನುವಾರ ಬರುತ್ತೇವೆ ಅಂದಿದ್ದಾನೆ. ಲೆಡ್ಜರಿನ ಕತೆಯನ್ನು ಅವರಿಗೂ ಹೇಳಬೇಕು.