ಅಲರ್ಟ್‌ನ ಗಾಳಿಯಲ್ಲಿ ಎಂಡೋಸಲ್ಫಾನ್

ಎಂಡೋಸಲ್ಫಾನ್ ಎಂದೊಡನೆ ನಮ್ಮ ಕರಾವಳಿಯವರಿಗೆ ಕೊಕ್ಕಡ, ಪಡ್ರೆ, ಎಣ್ಮಕಜೆ ಊರುಗಳೂ ಗೇರು ತೋಟಗಳ ಮೇಲೆ ತಗ್ಗಿನಲ್ಲಿ ಹಾರುತ್ತಿದ್ದ ಹೆಲಿಕಾಪ್ಟರೂ ನೆನಪಾಗುತ್ತವೆ. ಇದೇ ಕೀಟನಾಶಕವನ್ನು, ಗೇರು ಮರವಿರಲಿ, ಯಾವ ಮರವೂ ಬೆಳೆಯದ ಆರ್ಕ್ಟಿಕ್‌ನ ಗಾಳಿಯಲ್ಲಿ ವರ್ಷಗಟ್ಟಲೆ ಅಳೆದಿದ್ದಾರೆ ಎಂಬ ಸಂಗತಿ ಮಾತ್ರ ನಮ್ಮಲ್ಲಿ ಅಷ್ಟಾಗಿ ಚರ್ಚೆಯಾಗಿಲ್ಲ. ಆಹಾರದಲ್ಲಿ ಉಳಿದ ಕೀಟನಾಶಕಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ದುಡಿದವಳಾದ ನನಗೆ ಆ ಅಳತೆಯ ಹಿಂದಿನ ಶ್ರಮದ ಬಗ್ಗೆ ದೊಡ್ಡ ಗೌರವವಿದೆ.

ಅಲರ್ಟ್ ಇರುವುದು ಕೆನಡಾದ ಎಲ್ಸ್‌ಮಿಯರ್ ದ್ವೀಪದ ಉತ್ತರದ ಅಂಚಿನಲ್ಲಿ, 82.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿಂದ ಉತ್ತರ ಧ್ರುವಕ್ಕೆ ಸುಮಾರು 800 ಕಿ.ಮೀ. ಅಲ್ಲೊಂದು ಸಣ್ಣ ಸೇನಾ ನೆಲೆಯಿದೆ. ಅದರ ಜನರೇಟರುಗಳ ಮತ್ತು ವಾಹನಗಳ ಹೊಗೆ ತಾಗದಿರಲೆಂದು ಕೆಲವು ಕಿ.ಮೀ. ದಕ್ಷಿಣಕ್ಕೆ ವಾಯುಮಂಡಲ ವೀಕ್ಷಣಾಲಯವನ್ನು ಕಟ್ಟಿದ್ದಾರೆ. 1990ರ ದಶಕದ ಆರಂಭದಿಂದ ಅಲ್ಲಿ ಒಂದು ದೊಡ್ಡ ಪಂಪು ವಾರವಿಡೀ ಗಾಳಿಯನ್ನು ಎಳೆದುಕೊಳ್ಳುತ್ತದೆ. ಗಾಳಿ ಮೊದಲು ಗಾಜಿನ ನಾರಿನ ಫಿಲ್ಟರನ್ನು ಹಾಯುತ್ತದೆ, ದೂಳಿನ ಕಣಗಳು ಅಲ್ಲಿ ನಿಲ್ಲುತ್ತವೆ. ಆವಿಯ ರೂಪದಲ್ಲಿರುವ ರಾಸಾಯನಿಕಗಳು ಅದರ ಹಿಂದಿರುವ ಪಾಲಿಯುರೆಥೇನ್ ಸ್ಪಂಜಿನ ಬಿಲ್ಲೆಗಳಲ್ಲಿ ಸಿಕ್ಕಿಕೊಳ್ಳುತ್ತವೆ. ವಾರ ಮುಗಿದ ಮೇಲೆ ಯಾರಾದರೊಬ್ಬರು ಹೋಗಿ, ಅದು ನಾಲ್ಕು ತಿಂಗಳ ಧ್ರುವರಾತ್ರಿಯೇ ಆಗಿರಲಿ, ಎರಡನ್ನೂ ಬದಲಿಸಿ, ಹಳೆಯವನ್ನು ಮುಚ್ಚಿ ಮುದ್ರಿಸಿ ದಕ್ಷಿಣದ ಪ್ರಯೋಗಾಲಯಕ್ಕೆ ಕಳಿಸಬೇಕು.

ವಾರದಲ್ಲಿ ಹತ್ತು ಸಾವಿರ ಘನ ಮೀಟರಿಗೂ ಹೆಚ್ಚು ಗಾಳಿ ಸ್ಪಂಜನ್ನು ಹಾಯ್ದರೂ ಅದರಲ್ಲಿ ಉಳಿಯುವ ಎಂಡೋಸಲ್ಫಾನ್ ಕೆಲವು ಹತ್ತು ನ್ಯಾನೊಗ್ರಾಂ ಅಷ್ಟೆ. ಒಂದು ಘನ ಮೀಟರಿನಲ್ಲಿ ಇರುವುದು ಕೆಲವೇ ಪಿಕೊಗ್ರಾಂ. ಒಂದು ಪಿಕೊಗ್ರಾಂ ಎಂದರೆ ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲು. ಇಷ್ಟು ಸೂಕ್ಷ್ಮವಾದ ಅಳತೆಯಲ್ಲಿ ಕೈಗವಸು, ದ್ರಾವಕ, ಸೀಸೆಯ ಮುಚ್ಚಳ, ಕಟ್ಟಡದ ಬಣ್ಣ ಎಲ್ಲವನ್ನೂ ಅನುಮಾನದಿಂದಲೇ ನೋಡಬೇಕಾಗುತ್ತದೆ. ಆದ್ದರಿಂದ ನಿಜವಾದ ಮಾದರಿಗಳ ಜೊತೆಗೆ, ಗಾಳಿಯನ್ನೇ ಎಳೆಯದ ಖಾಲಿ ಸ್ಪಂಜುಗಳೂ ಅಷ್ಟೇ ದೂರ ಪ್ರಯಾಣ ಮಾಡುತ್ತವೆ, ಅದೇ ದ್ರಾವಕದಲ್ಲಿ ತೊಳೆಸಿಕೊಳ್ಳುತ್ತವೆ, ಅದೇ ಯಂತ್ರದೊಳಗೆ ಹೋಗುತ್ತವೆ. ನಮ್ಮ ಕಸುಬಿನಲ್ಲಿ ಇವನ್ನು ಬ್ಲ್ಯಾಂಕ್ ಎನ್ನುತ್ತೇವೆ. ಖಾಲಿ ಸ್ಪಂಜಿನಲ್ಲೂ ಅದೇ ವಸ್ತು ಅಷ್ಟೇ ಸಿಕ್ಕರೆ ಆ ವಾರದ ಅಂಕಿಗೆ ಬೆಲೆಯಿಲ್ಲ. ಮೆಣಸಿನಲ್ಲಿ ಮಿಲಿಗ್ರಾಂ ಲೆಕ್ಕದ ಉಳಿಕೆ ಹುಡುಕುವಾಗಲೇ ಬ್ಲ್ಯಾಂಕ್ ನಮ್ಮ ನಿದ್ದೆ ಕೆಡಿಸುತ್ತದೆ. ಪಿಕೊಗ್ರಾಂ ಲೆಕ್ಕದಲ್ಲಿ ದಶಕಗಟ್ಟಲೆ ಈ ಶಿಸ್ತನ್ನು ಉಳಿಸಿಕೊಂಡವರ ಸಹನೆ ಅಸಾಮಾನ್ಯ.

ಈ ವಸ್ತುಗಳು ಅಲ್ಲಿಯವರೆಗೆ ಹೋಗುವುದು ಹೇಗೆಂಬುದು ಈಗ ಚೆನ್ನಾಗಿ ತಿಳಿದಿದೆ. ಬಿಸಿಲಿಗೆ ಆವಿಯಾಗಿ, ತಂಪಿಗೆ ನೆಲಕ್ಕಿಳಿದು, ಮತ್ತೆ ಬಿಸಿಯಾದಾಗ ಮೇಲೆದ್ದು, ಮಿಡತೆಯಂತೆ ಜಿಗಿಯುತ್ತ ಶೀತ ಪ್ರದೇಶ ಸೇರುತ್ತವೆ. ಅಲ್ಲಿಂದ ಏಳುವಷ್ಟು ಶಾಖ ಸಿಗುವುದಿಲ್ಲ. ಆ ಗಾಳಿಯನ್ನು ಉಸಿರಾಡಿದರೆ ಅಪಾಯವೇನಿಲ್ಲ. ಅಪಾಯವಿರುವುದು ಕಡಲಿನಲ್ಲಿ: ಇಂಥ ಹಲವು ವಸ್ತುಗಳು ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳಾದ ಪ್ಲವಕದಿಂದ ಮೀನಿಗೆ, ಮೀನಿನಿಂದ ಸೀಲ್‌ಗೆ ಏರುವಾಗ ಕೊಬ್ಬಿನಲ್ಲಿ ಸಾಂದ್ರವಾಗುತ್ತವೆ. 1980ರ ದಶಕದ ಕೊನೆಯಲ್ಲಿ ಕೆನಡಾದ ನುನಾವಿಕ್ ಪ್ರದೇಶದಲ್ಲಿ ಇಂಥ ಕಡಲಪ್ರಾಣಿಗಳನ್ನು ತಿನ್ನುವ ಮೂಲನಿವಾಸಿ ಇನ್ಯುಯಿಟ್ ತಾಯಂದಿರ ಎದೆಹಾಲಿನಲ್ಲಿ ದಕ್ಷಿಣದ ತಾಯಂದಿರಿಗಿಂತ ಹಲವು ಪಟ್ಟು ಹೆಚ್ಚು ಪಿಸಿಬಿ (ವಿದ್ಯುತ್ ಉಪಕರಣಗಳಲ್ಲಿ ಬಳಸುತ್ತಿದ್ದ ಕೈಗಾರಿಕಾ ರಾಸಾಯನಿಕ) ಕಂಡುಬಂತು. ಪಿಸಿಬಿ ತಯಾರಿಸದ, ಅದರಿಂದ ಯಾವ ಲಾಭವನ್ನೂ ಪಡೆಯದ ಜನ ಅವರು. ಈ ಅನ್ಯಾಯವನ್ನು ನೆನೆದಾಗ ನನಗೆ ಇಂದಿಗೂ ಸಂಕಟವಾಗುತ್ತದೆ.

2001ರಲ್ಲಿ ಅಂಗೀಕಾರವಾಗಿ 2004ರಲ್ಲಿ ಜಾರಿಗೆ ಬಂದ, ಬಹುಕಾಲ ಉಳಿಯುವ ಇಂಥ ವಿಷವಸ್ತುಗಳನ್ನು ಪಟ್ಟಿ ಮಾಡಿ ನಿಷೇಧಿಸುವ ಅಥವಾ ನಿಯಂತ್ರಿಸುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪೀಠಿಕೆಯಲ್ಲಿ ಆರ್ಕ್ಟಿಕ್‌ನ ಮತ್ತು ಅಲ್ಲಿಯ ಮೂಲನಿವಾಸಿಗಳ ಪ್ರಸ್ತಾಪ ಇರುವುದು ಈ ಕಾರಣದಿಂದಲೇ. ಅದಕ್ಕಿಂತ ಮುಖ್ಯವಾದುದು ಅದರ ನಿಯಮ: ಒಂದು ರಾಸಾಯನಿಕವನ್ನು ಪಟ್ಟಿಗೆ ಸೇರಿಸಲು ಅದು ವಿಷಕಾರಿ ಎಂದರೆ ಸಾಲದು, ಬಳಸಿದ ಜಾಗದಿಂದ ಬಹುದೂರ ಸಾಗುತ್ತದೆ ಎಂಬುದಕ್ಕೂ ಆಧಾರ ಬೇಕು. ಎಂಡೋಸಲ್ಫಾನ್ ವಿಷಯದಲ್ಲಿ ಆರ್ಕ್ಟಿಕ್‌ನ ಅಳತೆಗಳು ಆ ಆಧಾರದ ಭಾಗವಾದವು. ಪರಿಶೀಲನಾ ಸಮಿತಿಯ ಹಂತದಲ್ಲಿ ಭಾರತ ಇದನ್ನು ವಿರೋಧಿಸಿತ್ತು. 2011ರ ಏಪ್ರಿಲ್‌ನಲ್ಲಿ ಜಿನೀವಾದ ಸಭೆಯಲ್ಲಿ ಕೆಲವು ಬೆಳೆಗಳಿಗೆ ವಿನಾಯಿತಿ ಪಡೆದು ಒಪ್ಪಿಕೊಂಡಿತು. ಮರುತಿಂಗಳು ನಮ್ಮ ಸುಪ್ರೀಂ ಕೋರ್ಟು ಮಧ್ಯಂತರ ನಿಷೇಧ ವಿಧಿಸಿದ್ದು ಬೇರೆಯದೇ ಹೋರಾಟದ ಫಲ. ಅದಕ್ಕೆ ಸಾಕ್ಷಿ ನುಡಿದವರು ನಮ್ಮೂರುಗಳ ರೋಗಿಗಳು, ಅವರ ತಾಯಂದಿರು.

ಅಲರ್ಟ್‌ನ ಸ್ಪಂಜಿನಲ್ಲಿ ಸಿಕ್ಕ ಅಣು ಯಾವ ತೋಟದಿಂದ ಹೊರಟಿತೆಂದು ಯಾರೂ ಹೇಳಲಾರರು. ಎಂಡೋಸಲ್ಫಾನನ್ನು ಎಷ್ಟೋ ದೇಶಗಳಲ್ಲಿ ಹತ್ತಿಗೆ, ಚಹಾಕ್ಕೆ, ತರಕಾರಿಗೆ ಸಿಂಪಡಿಸುತ್ತಿದ್ದರು. ಆದ್ದರಿಂದ ಅದು ಕಾಸರಗೋಡಿನದೇ ಎಂದು ಹೇಳುವುದು ತಪ್ಪಾಗುತ್ತದೆ. ಆದರೆ ಅಳತೆಗಳ ಸರಣಿ ಉದ್ದವಾಗಿದ್ದರೆ ಅದು ಬೇರೊಂದು ಬಗೆಯಲ್ಲಿ ಮಾತಾಡುತ್ತದೆ. ನಮ್ಮ ರೈತರು ಬಿಎಚ್‌ಸಿ ಪುಡಿ ಎಂದು ಕರೆಯುತ್ತಿದ್ದ ಕೀಟನಾಶಕವನ್ನೇ ನೋಡಿ. 1983ರಲ್ಲಿ ಚೀನಾ ಅದನ್ನು ನಿಲ್ಲಿಸಿದ ಮೇಲೆ ಆರ್ಕ್ಟಿಕ್ ಗಾಳಿಯಲ್ಲಿ ಅದರ ಮುಖ್ಯ ಘಟಕದ ಪ್ರಮಾಣ ಬಹಳ ಬೇಗ ಇಳಿಯಿತು. 1990ರ ಸುಮಾರಿಗೆ ಭಾರತವೂ ಬಳಕೆಯನ್ನು ತಗ್ಗಿಸಿದಾಗ ಮತ್ತೊಂದು ಇಳಿತ ಕಾಣಿಸಿತು. ಇಲ್ಲಿಯ ಒಂದು ಸರ್ಕಾರಿ ಆದೇಶದ ಪರಿಣಾಮ ಅಷ್ಟು ದೂರದ ಗಾಳಿಯಲ್ಲಿ ಓದಲು ಸಿಗುತ್ತದೆಂಬುದು ನನಗಂತೂ ಧೈರ್ಯ ತುಂಬುವ ವಿಷಯ.

ಅಳತೆ ಅಲ್ಲಿಗೆ ಮುಗಿಯಲಿಲ್ಲ. ಗಾಳಿ ಸ್ವಚ್ಛವಾಗುತ್ತ ಬಂದಂತೆ, ಹಿಂದೆ ಅದೇ ವಸ್ತುವನ್ನು ಹೀರಿಕೊಂಡಿದ್ದ ಆರ್ಕ್ಟಿಕ್ ಸಾಗರ ಅದನ್ನು ಗಾಳಿಗೆ ಮರಳಿ ಬಿಡತೊಡಗಿತು. ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ, ಭಾರತವು 2008ರಲ್ಲಿ ಹಿಮಾದ್ರಿ ಕೇಂದ್ರವನ್ನು ತೆರೆದ ನೀ-ಆಲೆಸುಂಡ್‌ನ ಪಕ್ಕದ ಬೆಟ್ಟದ ಮೇಲೆ, ಜೆಪ್ಪೆಲಿನ್ ವೀಕ್ಷಣಾಲಯವಿದೆ. ಅಲ್ಲಿಯ ಮತ್ತು ಅಲರ್ಟ್‌ನ ದೀರ್ಘ ಸರಣಿಗಳನ್ನು ಜೋಡಿಸಿ 2011ರಲ್ಲಿ ಪ್ರಕಟವಾದ ಅಧ್ಯಯನವು, ತಾಪಮಾನ ಏರಿ ಕಡಲ ಮಂಜುಗಡ್ಡೆ ಹಿಂಜರಿಯುತ್ತಿದ್ದಂತೆ ಹಳೆಯ ಹಲವು ರಾಸಾಯನಿಕಗಳು ಹೀಗೆ ಮೇಲೇಳುತ್ತಿವೆ ಎಂದು ತೋರಿಸಿತು. ಹೊಸ ಬಳಕೆಯಿಂದ ಬಂದದ್ದೆಷ್ಟು, ಕರಗುವ ಮಂಜಿನಿಂದ ಬಿಡುಗಡೆಯಾದದ್ದೆಷ್ಟು ಎಂದು ಬೇರ್ಪಡಿಸಲು ಮಂಜು ಗಟ್ಟಿಯಾಗಿದ್ದ ಕಾಲದ ಅಂಕಿಗಳೂ ಬೇಕು. ಅಂದು ಅಳೆಯದೆ ಬಿಟ್ಟ ವಾರವನ್ನು ಇಂದು ಯಾವ ಹಣದಿಂದಲೂ ಅಳೆಯಲಾಗದು.